ಕವೆಂಟ್ರಿಯ ತಗಡು, ಇ-ಟೈಪ್ ಎಂಬ ಕನಸು

ಹಳೆಯ ಕಾರುಗಳ ಮೋಹ ಅಂಟಿಸಿಕೊಂಡವರು ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ ಒಂದು ಪ್ರಶ್ನೆಗೆ ಬಂದೇ ಬರುತ್ತದೆ. ದುಡ್ಡಿನ ಚಿಂತೆ ಇಲ್ಲ, ಜಗತ್ತಿನ ಯಾವುದಾದರೂ ಒಂದು ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿಕೊಳ್ಳಬಹುದು ಎಂದರೆ ಯಾವುದನ್ನು ತರುತ್ತೀರಿ? ಒಬ್ಬರು ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ 1954ರ ಮರ್ಸಿಡಿಸ್ 300 ಎಸ್‌ಎಲ್ ಎನ್ನುತ್ತಾರೆ. ಇನ್ನೊಬ್ಬರು ಫೆರಾರಿ 250 ಜಿಟಿಒ ಎನ್ನುತ್ತಾರೆ. ರಾಜಮಹಾರಾಜರ ರೋಲ್ಸ್ ರಾಯ್ಸ್‌ಗೆ ಮನಸೋತವರೂ ಇರುತ್ತಾರೆ. ನನ್ನ ಉತ್ತರ ಹರೆಯದಲ್ಲಿ ಏನಿತ್ತೋ ಈಗಲೂ ಅದೇ: ಜಾಗ್ವಾರ್ ಇ-ಟೈಪ್. ಅದರಲ್ಲೂ 1961ರ ಮೊದಲ ಸರಣಿಯದು, ಹೆಡ್‌ಲೈಟಿನ ಮೇಲೆ ಗಾಜಿನ ಹೊದಿಕೆ ಇರುವಂಥದ್ದು.

ಈ ಆಸೆ ಹುಟ್ಟಿದ್ದು ವೇಗದ ಮೋಹದಿಂದಲ್ಲ. ನನ್ನ ಅಪ್ಪ ಶಿವಮೊಗ್ಗದಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಿದ್ದರು. ಬಿ.ಎಚ್. ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಲಾರಿಯ ಮಡ್‌ಗಾರ್ಡು, ಅಂಬಾಸಿಡರಿನ ಬಾಗಿಲು, ಬಸ್ಸಿನ ತಗಡು ಎಲ್ಲವೂ ಅವರ ಕೊಡತಿಯ ಕೆಳಗೆ ಬಂದು ಹೋಗುತ್ತಿದ್ದವು. ನಾನು ಓದಿ, ಸರ್ಕಾರಿ ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಮೇಷ್ಟರಾಗಿ, ಹುಡುಗರಿಗೆ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತ ನಿವೃತ್ತನಾದೆ. ಅಪ್ಪ ತಗಡಿನ ಬಾಗನ್ನು ಅಂಗೈಯಿಂದ ಸವರಿ ಅಳೆಯುತ್ತಿದ್ದರು. ನಾನು ಅಂಥದೇ ಬಾಗನ್ನು ಹಾಳೆಯ ಮೇಲೆ ಬಿಂದುಗಳಾಗಿ ಗುರುತಿಸುತ್ತಿದ್ದೆ. ಈ ಎರಡು ವಿದ್ಯೆಗಳೂ ಸರಿಸಮನಾಗಿ ಕೂಡಿ ಹುಟ್ಟಿದ ಕಾರು ಇದು ಎಂದು ತಿಳಿದಂದಿನಿಂದ ಅದರ ಚರಿತ್ರೆಯನ್ನು ಬೆನ್ನು ಹತ್ತಿ ಓದುತ್ತ ಬಂದಿದ್ದೇನೆ. ಕನಸಿನ ಕಾರುಗಳ ಕಥೆಯನ್ನು ಸಾಮಾನ್ಯವಾಗಿ ಅವುಗಳ ಒಡೆಯರ ಕಥೆಯಾಗಿ ಹೇಳುತ್ತಾರೆ. ನಾನು ಇದನ್ನು ಕವೆಂಟ್ರಿ ಎಂಬ ಊರಿನ ತಗಡಿನ ಕೆಲಸದವರ, ಲೆಕ್ಕದವರ ಕಥೆಯಾಗಿ ಹೇಳಬೇಕೆಂದಿದ್ದೇನೆ.

ಇಂಗ್ಲೆಂಡಿನ ನಡುಭಾಗದ ಕವೆಂಟ್ರಿ ಹಿಂದಿನಿಂದಲೂ ಕಸುಬುದಾರರ ಊರು. ಒಂದು ಕಾಲಕ್ಕೆ ಅಲ್ಲಿ ರೇಷ್ಮೆ ರಿಬ್ಬನ್ ನೇಯುತ್ತಿದ್ದರು, ಗಡಿಯಾರ ಮಾಡುತ್ತಿದ್ದರು. ಆ ಕಸುಬುಗಳು ಸೊರಗಿದಾಗ ಸಣ್ಣ ಲೋಹದ ಕೆಲಸ ಬಲ್ಲ ಕೈಗಳು ಹೊಲಿಗೆ ಯಂತ್ರಕ್ಕೆ, ಅಲ್ಲಿಂದ ಸೈಕಲ್ಲಿಗೆ ಹೊರಳಿದವು. ಇಂದು ನಾವು ತುಳಿಯುವ ಸೈಕಲ್ಲಿನ ರೂಪ ಗಟ್ಟಿಯಾದದ್ದು ಇದೇ ಊರಿನಲ್ಲಿ, 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್ ಸೈಕಲ್ಲಿನಿಂದ. 1896ರಲ್ಲಿ ಡೈಮ್ಲರ್ ಕಂಪನಿ ಇಲ್ಲಿನ ಪಾಳುಬಿದ್ದ ಹತ್ತಿ ಗಿರಣಿಯೊಂದರಲ್ಲಿ ಕಾರು ತಯಾರಿಕೆಗೆ ನೆಲೆ ಹಾಕಿತು. ಅಪ್ಪನಿಂದ ಮಗನಿಗೆ, ಒಂದು ಕಾರ್ಖಾನೆಯಿಂದ ಮತ್ತೊಂದಕ್ಕೆ ಲೋಹದ ಕೆಲಸ ದಾಟುತ್ತ ಬಂತು. ಕಾರಿನ ಕಂಪನಿ ಕಟ್ಟಬೇಕೆಂದವರಿಗೆ ಇಂಥ ಊರು ಬೇಕಿತ್ತು.

ಹಾಗೆ ಬಂದವರಲ್ಲಿ ವಿಲಿಯಂ ಲಯನ್ಸ್ ಒಬ್ಬರು. ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿನಲ್ಲಿ 1922ರಲ್ಲಿ ವಿಲಿಯಂ ವಾಮ್ಸ್‌ಲಿ ಅವರ ಜೊತೆಗೂಡಿ ಮೋಟಾರ್ ಸೈಕಲ್ಲಿಗೆ ಸೈಡ್‌ಕಾರ್ ಮಾಡುವ ಸಣ್ಣ ಕಂಪನಿ ಶುರುಮಾಡಿದಾಗ ಅವರಿಗೆ ಇಪ್ಪತ್ತೊಂದು ವರ್ಷ. 1927ರಲ್ಲಿ ಆಸ್ಟಿನ್ ಸೆವೆನ್ ಕಾರಿನ ಚಾಸಿಗೆ ಅಂದವಾದ ಬಾಡಿ ಕಟ್ಟಿಕೊಡಲು ತೊಡಗಿದರು. ಬೇಡಿಕೆ ಹೆಚ್ಚಿ, 1928ರಲ್ಲಿ ಕವೆಂಟ್ರಿಗೆ ಬಂದರು. 1931ರಲ್ಲಿ ಎಸ್‌ಎಸ್ ಹೆಸರಿನ ಸ್ವಂತ ಕಾರು ಬಂತು. ಅದರ ಚಾಸಿ, ಎಂಜಿನ್ ಎರಡನ್ನೂ ಅದೇ ಊರಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಮಾಡಿಕೊಡುತ್ತಿತ್ತು. ಸ್ಟ್ಯಾಂಡರ್ಡ್ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅದು ನಮ್ಮ ಊರುಗಳವರೆಗೂ ಬರುತ್ತದೆ. 1935ರಲ್ಲಿ ಜಾಗ್ವಾರ್ ಎಂಬುದು ಒಂದು ಮಾದರಿಯ ಹೆಸರಾಗಿ ಸೇರಿಕೊಂಡಿತು. ಮಹಾಯುದ್ಧ ಮುಗಿಯುವ ಹೊತ್ತಿಗೆ ಎಸ್‌ಎಸ್ ಎಂಬ ಎರಡಕ್ಷರ ಹಿಟ್ಲರನ ಪಡೆಯನ್ನು ನೆನಪಿಸುತ್ತಿದ್ದುದರಿಂದ 1945ರಲ್ಲಿ ಕಂಪನಿಗೇ ಜಾಗ್ವಾರ್ ಎಂದು ಹೆಸರಿಟ್ಟರು.

ಆ ಯುದ್ಧ ಕವೆಂಟ್ರಿಯನ್ನು ಸುಟ್ಟಿತ್ತು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಊರಿನ ಮೇಲೆ ಬಾಂಬ್ ಸುರಿದಾಗ ಮಧ್ಯಯುಗದ ಕೆಥೆಡ್ರಲ್ ಕೂಡ ಉಳಿಯಲಿಲ್ಲ. ಕಾರ್ಖಾನೆಗಳಿಗೆ ಬೆಂಕಿ ಬೀಳದಂತೆ ಸಿಬ್ಬಂದಿ ಸರದಿಯ ಮೇಲೆ ರಾತ್ರಿ ಕಾವಲು ಕಾಯಬೇಕಿತ್ತು. ಲಯನ್ಸ್ ತಮ್ಮ ಎಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಲಿ ಅವರ ಸರದಿಯೂ ತಮ್ಮ ಸರದಿಯೂ ಒಂದೇ ರಾತ್ರಿ ಬೀಳುವಂತೆ ನೋಡಿಕೊಂಡರು. ಆ ಕಾವಲಿನ ರಾತ್ರಿಗಳಲ್ಲಿ ನಡೆದ ಚರ್ಚೆಯಿಂದ ಎಕ್ಸ್‌ಕೆ ಎಂಜಿನ್ ಹುಟ್ಟಿತು: ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್. ಆ ಜೋಡಣೆ ಅಲ್ಲಿಯವರೆಗೆ ಹೆಚ್ಚಾಗಿ ರೇಸ್ ಕಾರುಗಳ ಸೊತ್ತು. ಅದನ್ನು ಸಾವಿರಗಟ್ಟಲೆ ತಯಾರಿಸಿ ಸಾಮಾನ್ಯ ರಸ್ತೆಗೆ ಇಳಿಸುವುದು ಅವರ ಹಂಬಲ. ಬಾಂಬ್ ಬೀಳುವ ಊರಿನಲ್ಲಿ ಕೂತು ಯುದ್ಧ ಮುಗಿದ ಮೇಲಿನ ಕಾರಿನ ಬಗ್ಗೆ ಯೋಚಿಸಿದ ಆ ನಾಲ್ವರ ಬಗ್ಗೆ ನನಗೆ ತುಂಬು ಗೌರವ.

1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಈ ಎಂಜಿನ್ ಹೊತ್ತ ಎಕ್ಸ್‌ಕೆ 120 ಬಂತು. ಮರುವರ್ಷ ಬೆಲ್ಜಿಯಂನ ಯಬ್ಬೆಕೆ ರಸ್ತೆಯಲ್ಲಿ ಅದು ಗಂಟೆಗೆ 132.6 ಮೈಲಿ, ಅಂದರೆ 213 ಕಿಲೊಮೀಟರ್ ಮುಟ್ಟಿತು. ಮುಂದಿನ ಗುರಿ ಫ್ರಾನ್ಸಿನ ಲೆ ಮಾನ್ಸ್, ಇಪ್ಪತ್ತನಾಲ್ಕು ಗಂಟೆ ಬಿಡದೆ ಓಡುವ ರೇಸ್. ಜಾಗ್ವಾರ್ ಅಲ್ಲಿ 1951, 1953, 1955, 1956, 1957 ಹೀಗೆ ಐದು ಸಲ ಗೆದ್ದಿತು. 1953ರ ಗೆಲುವಿನ ಹಿಂದೆ ಡನ್ಲಪ್ ಜೊತೆ ಸೇರಿ ಬೆಳೆಸಿದ ಡಿಸ್ಕ್ ಬ್ರೇಕ್ ಇತ್ತು. ವಿಮಾನಕ್ಕೆಂದು ಶುರುವಾದ ಆ ತಂತ್ರವನ್ನು ಕಾರಿಗೆ ಒಗ್ಗಿಸಲು ತಿಂಗಳುಗಟ್ಟಲೆ ಪರೀಕ್ಷೆ ನಡೆಸಿದವರು ಟೆಸ್ಟ್ ಚಾಲಕ ನಾರ್ಮನ್ ಡ್ಯೂಯಿಸ್. ಇಂದು ನಮ್ಮ ಬೈಕಿನ ಮುಂದಿನ ಚಕ್ರದಲ್ಲಿ ಹೊಳೆಯುವ ಡಿಸ್ಕ್, ರಸ್ತೆಗೆ ಬರುವ ಮುನ್ನ ಇಂಥವರ ಕಾಲಿನ ಕೆಳಗೆ ಹಾದು ಬಂದಿದೆ.

ಈಗ ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದವರಾದ ಮಾಲ್ಕಂ ಸೇಯರ್ ಅವರ ವಿಷಯ. 1916ರಲ್ಲಿ ನಾರ್ಫಕ್ ಸೀಮೆಯ ಕ್ರೋಮರ್‌ನಲ್ಲಿ ಹುಟ್ಟಿದರು. ಅವರ ತಂದೆ ಶಾಲಾ ಮೇಷ್ಟರು. ಕಲಿಸುತ್ತಿದ್ದದ್ದು ಗಣಿತ ಮತ್ತು ಚಿತ್ರಕಲೆ. ಮಗನ ಮುಂದಿನ ಬದುಕೆಲ್ಲ ಆ ಎರಡು ಪಾಠಗಳ ನಡುವೆಯೇ ಬೆಳೆಯಿತು ಎನ್ನಿಸುತ್ತದೆ. ಲಫ್‌ಬರೋ ಕಾಲೇಜಿನಲ್ಲಿ ಓದಿ ಬ್ರಿಸ್ಟಲ್ ವಿಮಾನ ಕಂಪನಿ ಸೇರಿದರು. ಯುದ್ಧವೆಲ್ಲ ಅಲ್ಲೇ ಕಳೆಯಿತು. 1948ರಲ್ಲಿ ಇರಾಕಿಗೆ ಹೋಗಿ ಕೆಲಕಾಲ ಇದ್ದು, ಹಿಂದಿರುಗಿದ ಮೇಲೆ ಜಾಗ್ವಾರ್ ಸೇರಿದರು. ಲೆ ಮಾನ್ಸ್ ಗೆದ್ದ ಸಿ-ಟೈಪ್, ಡಿ-ಟೈಪ್ ಎರಡರ ಆಕಾರವೂ ಅವರದೇ. ತಮ್ಮನ್ನು ಕಾರಿನ ಅಲಂಕಾರ ಮಾಡುವವರ ಸಾಲಿಗೆ ಸೇರಿಸಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. ತಾವು ಗಾಳಿಯ ಹರಿವನ್ನು ಓದುವ ಎಂಜಿನಿಯರ್ ಎಂಬ ನಿಲುವನ್ನು ಕೊನೆಯವರೆಗೂ ಬಿಡಲಿಲ್ಲ.

ಅವರ ಕೆಲಸದ ರೀತಿಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಕಾರನ್ನು ಮೂತಿಯಿಂದ ಬಾಲದವರೆಗೆ, ಬ್ರೆಡ್ಡು ಕೊಯ್ದಂತೆ, ಅಡ್ಡ ಸೀಳುಗಳಾಗಿ ಕಲ್ಪಿಸಿಕೊಳ್ಳಬೇಕು. ಪ್ರತಿ ಸೀಳಿನ ಅಂಚಿನಲ್ಲಿರುವ ಬಿಂದುಗಳಿಗೆ ಉದ್ದ, ಅಗಲ, ಎತ್ತರ ಎಂಬ ಮೂರು ಅಳತೆ. ಆ ಅಳತೆಗಳನ್ನು ಸೇಯರ್ ಕಣ್ಣಂದಾಜಿನಿಂದ ಕೊಡುತ್ತಿರಲಿಲ್ಲ. ದೀರ್ಘವೃತ್ತದ ಸಮೀಕರಣಗಳನ್ನು ಬೆಳೆಸಿಕೊಂಡು, ಲಾಗರಿದಂ ಕೋಷ್ಟಕ ಮತ್ತು ಸ್ಲೈಡ್ ರೂಲ್ ಹಿಡಿದು ಒಂದೊಂದನ್ನೂ ಲೆಕ್ಕ ಹಾಕುತ್ತಿದ್ದರು. ಉದ್ದುದ್ದ ಹಾಳೆಗಳ ತುಂಬ ಅಂಕಿಗಳ ಸಾಲು. ಕಂಪ್ಯೂಟರು ಇಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವುದನ್ನು ಅವರು ಪೆನ್ಸಿಲ್ಲಿನಿಂದ ಮಾಡಿದರು. ಬಳಿಕ ಗಾಳಿ ಸುರಂಗದಲ್ಲಿ ಸಣ್ಣ ಮಾದರಿಯ ಪರೀಕ್ಷೆ; ಕಾರಿನ ಮೈಗೆ ಉಣ್ಣೆ ನೂಲಿನ ಎಳೆಗಳನ್ನು ಅಂಟಿಸಿ ಓಡಿಸಿ, ಎಳೆ ಎಲ್ಲಿ ಶಾಂತವಾಗಿ ಒರಗುತ್ತದೆ, ಎಲ್ಲಿ ಪಟಪಟ ಹೊಡೆದುಕೊಳ್ಳುತ್ತದೆ ಎಂದು ನೋಡುವುದು. ಡ್ರಾಯಿಂಗ್ ಬೇಸರವೆನ್ನುವ ಹುಡುಗರಿಗೆ ನಾನು ಮೊದಲು ಇ-ಟೈಪಿನ ಚಿತ್ರ ತೋರಿಸಿ, ಆಮೇಲೆ ಈ ಅಂಕಿಗಳ ಕಥೆ ಹೇಳುತ್ತಿದ್ದೆ. ಕಣ್ಣಿಗೆ ಇಷ್ಟೊಂದು ಹಿತವಾದ ಬಾಗು ಸಮೀಕರಣದಿಂದ ಬಂತು ಎಂದು ಕೇಳಿದ ಮೇಲೆ ಅವರು ಸ್ಕೇಲು ಹಿಡಿಯುವ ರೀತಿಯೇ ಬೇರೆಯಾಗುತ್ತಿತ್ತು.

ಲಯನ್ಸ್ ಅವರ ದಾರಿ ಇದಕ್ಕೆ ಪೂರ್ತಿ ಭಿನ್ನ. ಅವರಿಗೆ ನಕ್ಷೆಗಿಂತ ನಿಜ ಗಾತ್ರದ ಮಾದರಿಯ ಮೇಲೆ ನಂಬಿಕೆ. ಫ್ರೆಡ್ ಗಾರ್ಡ್‌ನರ್ ಎಂಬ ಮರಗೆಲಸದ ಮುಖ್ಯಸ್ಥರ ವಿಭಾಗದಲ್ಲಿ ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ತಗಡು ಹೊದಿಸಿ, ಗೆರೆಯನ್ನು ಇಲ್ಲಿ ಸ್ವಲ್ಪ ಇಳಿಸಿ, ಅಲ್ಲಿ ಸ್ವಲ್ಪ ಏರಿಸಿ ಎಂದು ತಿದ್ದಿಸುತ್ತಿದ್ದರು. ಮಾದರಿಯನ್ನು ವಾಪೆನ್‌ಬರಿಯ ತಮ್ಮ ಮನೆಯಂಗಳಕ್ಕೆ ತರಿಸಿ, ಮನೆಗಳ, ಮರಗಳ ನಡುವಿನ ಸಹಜ ಬೆಳಕಿನಲ್ಲಿ ಸುತ್ತು ಹಾಕಿ ನೋಡುತ್ತಿದ್ದರು. ನನ್ನ ಅಪ್ಪ ಡೆಂಟ್ ತೆಗೆದ ಬಾಗಿಲನ್ನು ಶೆಡ್ಡಿನಿಂದ ಹೊರಗೆ ಬಿಸಿಲಿಗೆ ತಂದು, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದರು. ಲಯನ್ಸ್ ಬಗ್ಗೆ ಓದುವಾಗ ಆ ನಿಲುವು ನನಗೆ ಚಿರಪರಿಚಿತವಾಗಿತ್ತು. ನೆರಳಿನಲ್ಲಿ ಅಡಗುವ ತಪ್ಪನ್ನು ಬಿಸಿಲು ಹೊರಹಾಕುತ್ತದೆ ಎಂಬುದನ್ನು ತಗಡಿನೊಡನೆ ಬಾಳಿದವರೆಲ್ಲ ಬಲ್ಲರು.

ಇ-ಟೈಪಿನ ನೇರ ಪೂರ್ವಜ ಡಿ-ಟೈಪ್. ಅದರ ನಡುಭಾಗಕ್ಕೆ ಚಾಸಿಯೇ ಇರಲಿಲ್ಲ. ವಿಮಾನದ ಒಡಲಿನಂತೆ ತೆಳು ತಗಡಿನ ತೊಟ್ಟಿಯೇ ಭಾರ ಹೊರುತ್ತಿತ್ತು. ಬಾನೆಟ್ಟು ತಗ್ಗಾಗಿರಲೆಂದು ಎಂಜಿನ್ನನ್ನು 8.5 ಡಿಗ್ರಿ ಓರೆಯಾಗಿ ಕೂರಿಸಿದ್ದರು. ಆದರೆ ರೇಸಿನ ದಾರಿ ಕರಾಳವೂ ಆಗಿತ್ತು. 1955ರ ಲೆ ಮಾನ್ಸ್‌ನಲ್ಲಿ ಪಿಯೆರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ ಸಿಡಿದು ಪ್ರೇಕ್ಷಕರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಗೆಲುವು ಜಾಗ್ವಾರಿನದೇ ಆದರೂ ಸಂಭ್ರಮಕ್ಕೆ ಎಡೆಯಿರಲಿಲ್ಲ. 1956ರ ಕೊನೆಗೆ ಕಂಪನಿ ತಾನೇ ರೇಸಿಗಿಳಿಯುವುದನ್ನು ನಿಲ್ಲಿಸಿತು. ಮಾರಾಟವಾಗದೆ ಉಳಿದ ಡಿ-ಟೈಪ್‌ಗಳನ್ನು ಎಕ್ಸ್‌ಕೆಎಸ್‌ಎಸ್ ಎಂಬ ಹೆಸರಿನಲ್ಲಿ ರಸ್ತೆಯ ಕಾರುಗಳಾಗಿ ಬದಲಿಸತೊಡಗಿದರು. 1957ರ ಫೆಬ್ರವರಿ 12ರಂದು ಜಾಗ್ವಾರಿನ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿತ್ತು. ಇಪ್ಪತ್ತೈದರಲ್ಲಿ ಒಂಬತ್ತು ಕಾರು ಸುಟ್ಟುಹೋದವು. ಹದಿನಾರು ಮಾತ್ರ ಉಳಿದವು. ಅದೇ ವರ್ಷ ಅದೇ ಕಾರ್ಖಾನೆಯಲ್ಲಿ ಇ1ಎ ಎಂಬ ಅಲ್ಯೂಮಿನಿಯಂ ಮೈಯ ಪ್ರಯೋಗದ ಕಾರು ತಯಾರಾಯಿತು. ಅದೇ ಇ-ಟೈಪಿನ ಮೊದಲ ಮೊಳಕೆ.

ಇ-ಟೈಪಿನ ಒಳಗಟ್ಟನ್ನು ಬಿಡಿಸಿ ನೋಡಿದರೆ ಅದರ ಹೊರಚೆಲುವಿಗೆ ಕಾರಣಗಳು ಸಿಗುತ್ತವೆ. ಜನ ಕೂರುವ ಭಾಗ ಉಕ್ಕಿನ ತಗಡಿನ ಗಟ್ಟಿ ತೊಟ್ಟಿ. ಅದರ ಮುಂದೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಕೊಳವೆಗಳ ಚೌಕಟ್ಟು, ಅದರೊಳಗೆ ಎಂಜಿನ್. ಆರು ಸಿಲಿಂಡರು ಒಂದೇ ಸಾಲಿನಲ್ಲಿ ನಿಂತದ್ದರಿಂದ ಮೂತಿ ಅಷ್ಟು ಉದ್ದ. ಡಿ-ಟೈಪಿನಂತೆ ಓರೆ ಮಾಡದೆ ಎಂಜಿನ್ನನ್ನು ನೆಟ್ಟಗೆ ಕೂರಿಸಿದ್ದರಿಂದ ಅದರ ತಲೆಗೆ ಜಾಗ ಬೇಕಾಯಿತು. ಬಾನೆಟ್ಟಿನ ನಡುವೆ ಹರಿದುಹೋಗುವ ಆ ಉಬ್ಬು ಬಂದದ್ದು ಹಾಗೆ. ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್. ಬಾಬ್ ನೈಟ್ ಅದನ್ನು ಉಕ್ಕಿನ ಗೂಡಿನೊಳಗೆ ಕೂರಿಸಿ, ರಬ್ಬರ್ ಬುಷ್‌ಗಳ ಮೂಲಕ ಬಾಡಿಗೆ ಜೋಡಿಸಿದರು. 3,781 ಸಿಸಿ ಎಂಜಿನ್, ಮೂರು ಎಸ್‌ಯು ಕಾರ್ಬ್ಯುರೇಟರ್, ಕಂಪನಿ ಹೇಳಿದ 265 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಮುಂದಿನ ಗಾಜು ಅಗಲಕ್ಕೆ ಹೋಲಿಸಿದರೆ ತೀರ ಗಿಡ್ಡ, ಹಾಗಾಗಿ ಮೂರು ವೈಪರ್. ನೋಡುವವರಿಗೆ ಚಂದವೆನಿಸಿದ ಒಂದೊಂದರ ಹಿಂದೆಯೂ ಒಂದು ಅಗತ್ಯ ನಿಂತಿದೆ.

ಸೇಯರ್ ಲೆಕ್ಕ ಹಾಕಿದ್ದು ಮುಖ್ಯವಾಗಿ ತೆರೆದ ಕಾರನ್ನು. ಗಟ್ಟಿ ಮಾಡಿನ ಕೂಪೆಯ ರೂಪ ಸಿಕ್ಕಿದ್ದು ಬೇರೊಬ್ಬರ ಕೈಯಿಂದ. ಅಮೆರಿಕದಿಂದ ಬಂದು ಜಾಗ್ವಾರಿನಲ್ಲಿ ಕೆಲಸಕ್ಕಿದ್ದ ಬಾಬ್ ಬ್ಲೇಕ್ ಅಪ್ಪಟ ತಗಡಿನ ಕೆಲಸಗಾರರು. ಅವರು ತೆರೆದ ಕಾರಿನ ಮೇಲೆ ತೆಳು ಉಕ್ಕಿನ ಸರಳುಗಳನ್ನು ಬಗ್ಗಿಸಿ, ಗಾಜಿನ ಮೇಲಂಚಿನಿಂದ ಬಾಲದವರೆಗೆ ಇಳಿಯುವ ಮಾಡಿನ ಗೆರೆಯನ್ನು ಗಾಳಿಯಲ್ಲೇ ಬರೆದರು. ಲಯನ್ಸ್ ಬಂದರು, ಸುತ್ತ ನಡೆದು ನೋಡಿದರು, ಒಪ್ಪಿದರು. ಬೆನ್ನಿನ ಮೇಲೆ ಒಂದೇ ಉಸಿರಿಗೆ ಜಾರುವ ಆ ಗೆರೆಗೆ ಇಂದಿಗೂ ಜಗತ್ತು ಮರುಳಾಗುತ್ತದೆ. ಲೆಕ್ಕದವರು ಒಬ್ಬರು, ಕೈಯವರು ಒಬ್ಬರು, ಕಣ್ಣಿನವರು ಒಬ್ಬರು. ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಈ ಕಾರು ಹೀಗೆ ಇರುತ್ತಿರಲಿಲ್ಲ.

ಇನ್ನು ತಯಾರಿಕೆ. ಆ ಉದ್ದನೆಯ ಬಾನೆಟ್ಟು ಒಂದೇ ತಗಡಿನದು ಎಂದು ಹಲವರು ತಿಳಿದಿದ್ದಾರೆ. ಅಷ್ಟು ದೊಡ್ಡ ಭಾಗವನ್ನು ಒಂದೇ ಏಟಿಗೆ ಒತ್ತಬೇಕಾದರೆ ಭಾರಿ ಡೈ ಬೇಕು. ಲಕ್ಷಗಟ್ಟಲೆ ಮಾರುವ ಕಾರಿಗೆ ಆ ಖರ್ಚು ದಕ್ಕೀತು, ಇಂಥದಕ್ಕೆ ದಕ್ಕದು. ಹಾಗಾಗಿ ಬಾನೆಟ್ಟನ್ನು ನಡುಭಾಗ, ಎರಡು ಪಕ್ಕಗಳು, ಕೆಳಮೂತಿ ಹೀಗೆ ತುಂಡುಗಳಾಗಿ ಮಾಡಿ ಜೋಡಿಸಿದರು. ಪಕ್ಕಗಳು ನಡುಭಾಗಕ್ಕೆ ಕೂಡುವ ಕಡೆ ಒಳಗಿನಿಂದ ಬೋಲ್ಟು, ಹೊರಗೆ ಸಂದಿ ಮುಚ್ಚುವ ಸಣ್ಣ ಕ್ರೋಮ್ ಪಟ್ಟಿ. ಆ ಪಟ್ಟಿಯನ್ನು ಅಲಂಕಾರವೆಂದು ಕೊಂಡಾಡುವವರಿದ್ದಾರೆ. ಅದು ದುಡ್ಡು ಕಡಿಮೆ ಇದ್ದ ಕಾರ್ಖಾನೆಯೊಂದರ ಜಾಣ್ಮೆ. ಕವೆಂಟ್ರಿಯ ಅಬ್ಬೆ ಪ್ಯಾನಲ್ಸ್ ಎಂಬ ಕಂಪನಿ ತಗಡಿನ ಭಾಗಗಳನ್ನು ಮಾಡಿಕೊಡುತ್ತಿತ್ತು. ಡಿ-ಟೈಪಿನ ತಗಡು ತಟ್ಟಿದ್ದೂ ಅವರೇ.

ಬೆಸುಗೆ ಹಾಕಿದ ಸಂದುಗಳನ್ನು ಸೀಸದಿಂದ ತುಂಬಬೇಕಿತ್ತು. ಗ್ಯಾಸಿನ ಜ್ವಾಲೆಯನ್ನು ಹದವಾಗಿ ತೋರಿಸಿ ಸೀಸದ ಕಡ್ಡಿಯನ್ನು ಮೆತ್ತಗೆ ಮಾಡುವುದು, ಮರದ ಚಪ್ಪಟೆ ಹಲಗೆಯಿಂದ ಅದನ್ನು ಹರಡಿ ಒತ್ತುವುದು, ಆರಿದ ಮೇಲೆ ಅರದಿಂದ ಉಜ್ಜಿ ತಗಡಿನ ಬಾಗಿಗೆ ಸರಿಗಟ್ಟುವುದು. ಜ್ವಾಲೆ ಒಂದು ಕ್ಷಣ ಹೆಚ್ಚಾದರೆ ಸೀಸ ನೀರಾಗಿ ನೆಲಕ್ಕೆ ಇಳಿಯುತ್ತದೆ. ಕಡಿಮೆಯಾದರೆ ತಗಡನ್ನು ಹಿಡಿಯುವುದೇ ಇಲ್ಲ. ಅಪ್ಪನ ಶೆಡ್ಡಿನಲ್ಲಿ ಗ್ಯಾಸ್ ವೆಲ್ಡಿಂಗ್ ನೋಡುತ್ತ ಬೆಳೆದ ನನಗೆ ಗೊತ್ತು, ಆ ಹದ ಪುಸ್ತಕದಿಂದ ಬರುವುದಿಲ್ಲ. ಸೀಸದ ಪುಡಿ ಉಸಿರಿನೊಳಗೆ ಹೋದರೆ ವಿಷ. ಸೇಯರ್ ಕೊಟ್ಟ ಅಂಕಿಗಳನ್ನು ನಿಜವಾದ ಮೈಯಾಗಿಸಿದವರು ಈ ಅಪಾಯದ ಕೆಲಸ ಮಾಡಿದವರು. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಜಾಗ್ವಾರಿನ ಹಳೆಯ ಕಾರುಗಳನ್ನು ಕಾಪಾಡಿಟ್ಟಿರುವ ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ನೋಡಿದೆ. ಉಳಿದವರು ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾನು ಬಗ್ಗಿ ಆ ಸಂದುಗಳನ್ನು ಹುಡುಕಿದೆ. ಬಣ್ಣದ ಕೆಳಗೆ ಎಲ್ಲೂ ಕಾಣಲಿಲ್ಲ. ಕೆಲಸ ಅಷ್ಟು ಚೊಕ್ಕ.

ಇ-ಟೈಪಿನಲ್ಲಿರುವಂತೆ ಬಾನೆಟ್ಟು ಮುಂದಕ್ಕೆ ವಾಲಿ, ಪಕ್ಕದ ಮಡ್‌ಗಾರ್ಡುಗಳನ್ನೂ ಹೊತ್ತು ಒಟ್ಟಿಗೇ ತೆರೆದುಕೊಳ್ಳುವುದನ್ನು ನಾನು ಮೊದಲು ನೋಡಿದ್ದು ಶಿವಮೊಗ್ಗದಲ್ಲಿ. ಅಪ್ಪನ ಶೆಡ್ಡಿಗೆ ಊರಿನ ಡಾಕ್ಟರರೊಬ್ಬರ ಸ್ಟ್ಯಾಂಡರ್ಡ್ ಹೆರಾಲ್ಡ್ ಬರುತ್ತಿತ್ತು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಅದನ್ನು ತಯಾರಿಸುತ್ತಿತ್ತು. ಅದರ ಮೂಲವೂ ಕವೆಂಟ್ರಿಯೇ. ಲಯನ್ಸ್ ಅವರಿಗೆ ಚಾಸಿ ಮಾಡಿಕೊಟ್ಟಿದ್ದ ಅದೇ ಸ್ಟ್ಯಾಂಡರ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ಅದರ ರೂಪ ಬಿಡಿಸಿದ್ದರು. ಇಡೀ ಬಾಡಿಯನ್ನು ಒತ್ತಿಕೊಡುವ ಕಂಪನಿ ಎದುರಾಳಿಯ ವಶವಾಗಿದ್ದರಿಂದ, ಬೇರೆ ಬೇರೆ ಕಡೆ ಸಣ್ಣ ಭಾಗಗಳನ್ನು ಮಾಡಿಸಿ ಚಾಸಿಯ ಮೇಲೆ ಬೋಲ್ಟು ಹಾಕಿ ಕೂರಿಸುವುದು ಸ್ಟ್ಯಾಂಡರ್ಡ್‌ಗೆ ಅನಿವಾರ್ಯವಾಗಿತ್ತು. ಹೆರಾಲ್ಡಿನ ಬಾನೆಟ್ಟು ವಾಲಿದರೆ ಮೆಕ್ಯಾನಿಕ್ಕು ಮುಂದಿನ ಚಕ್ರದ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದಿತ್ತು. ಅಪ್ಪನಿಗೆ ಆ ಕಾರೆಂದರೆ ಅಕ್ಕರೆ. ಒಂದು ಭಾಗ ನುಜ್ಜಾದರೆ ಅದೊಂದನ್ನೇ ಬಿಚ್ಚಿ ತಿದ್ದಬಹುದು ಎನ್ನುತ್ತಿದ್ದರು. ವಿದೇಶಿ ಕಾರುಗಳ ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧವಿದ್ದ ಆ ಕಾಲದಲ್ಲಿ ಇ-ಟೈಪ್ ನಮಗೆ ಪತ್ರಿಕೆಯ ಚಿತ್ರ ಮಾತ್ರ. ಆದರೆ ಅದು ಹುಟ್ಟಿದ ಊರಿನ ತಗಡಿನ ಬುದ್ಧಿವಂತಿಕೆ ನಮ್ಮ ಶೆಡ್ಡಿನವರೆಗೆ ಬಂದಿತ್ತು.

1961ರ ಮಾರ್ಚ್ 15ರಂದು ಜಿನೀವಾದ ಪಾರ್ಕ್ ದೆಜೊ ವೀವ್ ಉಪಾಹಾರ ಮಂದಿರದಲ್ಲಿ ಪತ್ರಕರ್ತರಿಗೆ ಇ-ಟೈಪನ್ನು ತೋರಿಸಿದರು. 9600 ಎಚ್‌ಪಿ ಎಂಬ ನೋಂದಣಿಯ ಕೂಪೆಯನ್ನು ಪ್ರಚಾರ ವಿಭಾಗದ ಬಾಬ್ ಬೆರಿ ಕವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು, ಅನಾವರಣಕ್ಕೆ ಕೆಲವೇ ನಿಮಿಷಗಳಿರುವಾಗ ತಂದು ಮುಟ್ಟಿಸಿದರು. ಒಂದು ಸುತ್ತು ಕೂರಿಸಿ ಎಂದು ಜನ ಮುಗಿಬಿದ್ದರು. ಇನ್ನೊಂದು ಕಾರು ಬೇಕೇ ಬೇಕು ಎಂದು ಕವೆಂಟ್ರಿಗೆ ಕರೆ ಹೋಯಿತು. ನಾರ್ಮನ್ ಡ್ಯೂಯಿಸ್ 77 ಆರ್‌ಡಬ್ಲ್ಯು ಎಂಬ ಹಸಿರು ಬಣ್ಣದ ತೆರೆದ ಕಾರು ಹತ್ತಿ, ಡೋವರಿನಲ್ಲಿ ಹಡಗು ಹಿಡಿದು, ಫ್ರಾನ್ಸಿನ ಕತ್ತಲನ್ನು ದಾಟಿ ಮರುದಿನ ಬೆಳಗ್ಗೆ ಜಿನೀವಾ ಸೇರಿದರು. ಗಂಟೆಗೆ 150 ಮೈಲಿ, ಅಂದರೆ 241 ಕಿಲೊಮೀಟರ್ ಓಡುತ್ತದೆ ಎಂದು ಕಂಪನಿ ಹೇಳಿತ್ತು. ಆಟೊಕಾರ್ ಪತ್ರಿಕೆ ಕೂಪೆಯನ್ನು ಪರೀಕ್ಷಿಸಿ 150.4 ಎಂದು ಬರೆಯಿತು. ಮೋಟಾರ್ ಪತ್ರಿಕೆಗೆ ತೆರೆದ ಕಾರಿನಲ್ಲಿ ಸಿಕ್ಕಿದ್ದು 149.1.

ಬೆಲೆ ತೆರಿಗೆ ಸೇರಿ ಸುಮಾರು 2,100 ಪೌಂಡ್. ಆಗ ಆಸ್ಟನ್ ಮಾರ್ಟಿನ್ ಡಿಬಿ4 ಕೊಳ್ಳಲು ಹೆಚ್ಚುಕಡಿಮೆ ಅದರ ಎರಡರಷ್ಟು ಕೊಡಬೇಕಿತ್ತು, ಫೆರಾರಿಗೆ ಇನ್ನೂ ಹೆಚ್ಚು. ಇ-ಟೈಪ್ ಸಾಮಾನ್ಯ ಕಾರ್ಮಿಕನ ಕೈಗೆಟುಕುವ ಕಾರೇನೂ ಆಗಿರಲಿಲ್ಲ. ಆದರೂ ಒಬ್ಬ ವೈದ್ಯ, ಒಬ್ಬ ವಕೀಲ ಕೂಡಿಟ್ಟ ಹಣದಿಂದ ತರಬಹುದಾದ ಕಾರಾಗಿತ್ತು. ಕನಸನ್ನು ಇಷ್ಟು ಹತ್ತಿರಕ್ಕೆ ತಂದು ನಿಲ್ಲಿಸಿದ್ದೇ ಅದರ ಚರಿತ್ರೆಯ ದೊಡ್ಡ ಸಂಗತಿ ಎಂದು ನನ್ನ ಭಾವನೆ. ಕೊರತೆಗಳೂ ಇದ್ದವು. ಗೇರ್‌ಬಾಕ್ಸಿನ ಮೊದಲ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲ. ಮೊದಲ ಕಾರುಗಳ ನೆಲ ಸಪಾಟಾಗಿದ್ದುದರಿಂದ ಎತ್ತರದವರಿಗೆ ಕಾಲು ಚಾಚಲು ಆಗುತ್ತಿರಲಿಲ್ಲ. 1962ರಲ್ಲಿ ಕಾಲಿನ ಕಡೆ ನೆಲವನ್ನು ತಗ್ಗಿಸಿದರು. 1964ರಲ್ಲಿ 4.2 ಲೀಟರ್ ಎಂಜಿನ್, ಒಳ್ಳೆಯ ಗೇರ್‌ಬಾಕ್ಸ್, ಹಿತವಾದ ಸೀಟು ಬಂದವು.

ಕೊಂಡವರಲ್ಲಿ ಹೆಚ್ಚಿನವರು ಅಮೆರಿಕದವರು. ಅಲ್ಲಿನ ಸುರಕ್ಷತೆ ಮತ್ತು ಹೊಗೆಯ ನಿಯಮಗಳು ಬಿಗಿಯಾದಂತೆ ಕಾರಿನ ಮುಖ ಬದಲಾಯಿತು. ಹೆಡ್‌ಲೈಟಿನ ಗಾಜಿನ ಹೊದಿಕೆ ಹೋಯಿತು, 1968ರ ಎರಡನೆಯ ಸರಣಿಯಲ್ಲಿ ಬಂಪರು, ದೀಪಗಳು ದಪ್ಪವಾದವು, ಅಮೆರಿಕದ ಕಾರುಗಳಲ್ಲಿ ಮೂರರ ಬದಲು ಎರಡು ಕಾರ್ಬ್ಯುರೇಟರ್ ಉಳಿದವು. ಸೇಯರ್ 1970ರಲ್ಲಿ, ಇನ್ನೂ ಐವತ್ತನಾಲ್ಕು ತುಂಬುವ ಮೊದಲೇ ತೀರಿಕೊಂಡರು. 1971ರಲ್ಲಿ ಹನ್ನೆರಡು ಸಿಲಿಂಡರಿನ ಮೂರನೆಯ ಸರಣಿ ಬಂತು. ಮರುವರ್ಷ ಲಯನ್ಸ್ ನಿವೃತ್ತರಾದರು. 1974ರಲ್ಲಿ ತಯಾರಿಕೆ ನಿಂತಿತು. ಒಟ್ಟು 72,500ಕ್ಕೂ ಹೆಚ್ಚು ಕಾರುಗಳು ಕವೆಂಟ್ರಿಯಿಂದ ಹೊರಬಿದ್ದಿದ್ದವು.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಇ-ಟೈಪ್‌ಗಳು ತುಕ್ಕಿಗೆ ತುತ್ತಾದವು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗಗಳಲ್ಲಿ ನೀರು ನಿಂತು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತಗಡು ತಿಂದುಹೋಗುತ್ತಿತ್ತು. ಅಗ್ಗಕ್ಕೆ ಮಾರಿದರು, ಗುಜರಿಗೆ ಹಾಕಿದರು. ಅದೇ ಕಾರನ್ನು 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. 1956ರ ಲೆ ಮಾನ್ಸ್ ಗೆದ್ದ ಡಿ-ಟೈಪ್ 2016ರಲ್ಲಿ 2 ಕೋಟಿ 17 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. 1963ರಲ್ಲಿ ರೇಸಿಗೆಂದು ಹದಿನೆಂಟು ಹಗುರ ಇ-ಟೈಪ್ ಮಾಡಬೇಕೆಂದಿದ್ದು ಹನ್ನೆರಡು ಮಾತ್ರ ಆಗಿದ್ದವು. ಉಳಿದ ಆರನ್ನು ಕಂಪನಿ 2014ರಲ್ಲಿ ಮತ್ತೆ ಕೈಯಿಂದ ಕಟ್ಟಲು ಶುರುಮಾಡಿತು. ಬೆಂಕಿಗೆ ಹೋದ ಒಂಬತ್ತು ಎಕ್ಸ್‌ಕೆಎಸ್‌ಎಸ್‌ಗಳ ಲೆಕ್ಕವನ್ನೂ ಹಾಗೆಯೇ ತುಂಬಿಸಿತು. ಈ ಕೆಲಸ ನಡೆಯುವ ಹೊತ್ತಿಗೆ ಕಂಪನಿ ನಮ್ಮವರದಾಗಿತ್ತು. 2008ರಲ್ಲಿ ಟಾಟಾ ಮೋಟಾರ್ಸ್ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಫೋರ್ಡ್‌ನಿಂದ ಕೊಂಡುಕೊಂಡಿತ್ತು.

ಹಳೆಯ ಕಾರಿಗೆ ಬೆಲೆ ಕಟ್ಟುವವರು ಅದರ ಕಾಗದಪತ್ರಗಳನ್ನು ಬಹಳ ನೋಡುತ್ತಾರೆ. ಮೊದಲು ಕೊಂಡವರು ಯಾರು, ಅವರಿಂದ ಯಾರಿಗೆ ಹೋಯಿತು, ಯಾವ ನಟ ಓಡಿಸಿದ, ಯಾವ ಶ್ರೀಮಂತ ಬಚ್ಚಿಟ್ಟ ಎಂಬ ವಂಶಾವಳಿ ಪುಟಗಟ್ಟಲೆ ಇರುತ್ತದೆ. ಚಾಸಿ ನಂಬರು, ಎಂಜಿನ್ ನಂಬರು ಇರುತ್ತವೆ. ಬಾಡಿಯ ಸಂದಿಗೆ ಸೀಸ ತುಂಬಿದವರ ಹೆಸರು ಇರುವುದಿಲ್ಲ. ಬಾಬ್ ಬ್ಲೇಕ್ ಅವರಂಥ ಒಬ್ಬಿಬ್ಬರ ಹೆಸರು ಉಳಿಯಿತು. ಅವರ ಜೊತೆ ಕೆಲಸ ಮಾಡಿದ ನೂರಾರು ಜನ ಸಂಬಳದ ಪುಸ್ತಕದಲ್ಲೇ ಮುಗಿದುಹೋದರು. ನನಗೆ ಇದು ಅನ್ಯಾಯವೆಂದೇ ತೋರುತ್ತದೆ.

ನಮ್ಮಲ್ಲೂ ಹಳೆಯ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಇದ್ದಾರೆ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ನಾನು ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದೆ. ಬೆಂಗಳೂರಿನ, ಮೈಸೂರಿನ ಶೆಡ್ಡುಗಳಲ್ಲಿ ಕೈಯಿಂದಲೇ ಮಡ್‌ಗಾರ್ಡ್ ತಟ್ಟಿ ಮೂಲದಂತೆ ಮಾಡಬಲ್ಲ ಹಿರಿಯ ಟಿಂಕರುಗಳು ಇನ್ನೂ ಸಿಗುತ್ತಾರೆ. ಇಂದಿನ ಕಾರಿಗೆ ಪೆಟ್ಟಾದರೆ ಭಾಗ ಬದಲಿಸುತ್ತಾರೆ. ತಟ್ಟುವ ಅಗತ್ಯ ಕಡಿಮೆಯಾಗಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಹಳೆಯ ಹೆರಾಲ್ಡನ್ನೋ ಫಿಯಟ್ಟನ್ನೋ ಮತ್ತೆ ರಸ್ತೆಗೆ ಇಳಿಸುವ ಒಡೆಯರಲ್ಲಿ ನನ್ನದೊಂದು ಕೋರಿಕೆ. ಕಾರಿನ ಕಾಗದಗಳ ಜೊತೆ ಒಂದು ಪುಸ್ತಕ ಇಡಿ. ಯಾವ ಭಾಗವನ್ನು ಯಾರು ತಟ್ಟಿದರು, ಯಾರು ಬೆಸೆದರು, ಯಾರು ಬಣ್ಣ ಹಾಕಿದರು, ಸೀಟು ಹೊಲಿದವರು ಯಾರು ಎಂದು ಹೆಸರು ಸಮೇತ ಬರೆಯಿರಿ. ಕೆಲಸ ನಡೆಯುವಾಗ ಒಬ್ಬ ಐಟಿಐ ಹುಡುಗನನ್ನು ಅವರ ಪಕ್ಕ ನಿಲ್ಲಿಸಿ, ಅವನಿಗೂ ಕೂಲಿ ಕೊಡಿ. ಕಾರನ್ನು ಮಾರುವ ದಿನ ಬಂದರೆ ಆ ಪುಸ್ತಕವನ್ನೂ ಕೊಂಡವರಿಗೆ ಒಪ್ಪಿಸಿ. ಒಡೆಯರ ಪಟ್ಟಿಯಷ್ಟೇ ಗೌರವ ಆ ಪಟ್ಟಿಗೂ ಸಲ್ಲಬೇಕು. ಮುಂದೆ ಆ ಕಾರು ಮತ್ತೊಮ್ಮೆ ಕೆಟ್ಟಾಗ ಅದನ್ನು ಎಬ್ಬಿಸಿ ನಿಲ್ಲಿಸಲು ಬೇಕಾಗುವುದು ಎರಡನೆಯ ಪಟ್ಟಿಯಲ್ಲಿರುವವರೇ.